ಬರೆದವರ ಸುದ್ದಿ, ಓದಿದವರ ಮಾರೋಲೆ

(ಶಾಲಾ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಲೇಖಕ–ಓದುಗ ಸಂವಾದ ಕಾರ್ಯಕ್ರಮದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಪ್ರಾಸ್ತಾವಿಕ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ಈ ವರ್ಷದಲ್ಲಿ ನಮ್ಮ ಶಾಲೆ ಹಲವು ಸಂಭ್ರಮಗಳನ್ನು ಕಂಡಿತು. ಹೊಸ ಸಭಾಂಗಣಕ್ಕೆ ಶಿಲಾನ್ಯಾಸವಾಯಿತು. ಹಳೆ ವಿದ್ಯಾರ್ಥಿಗಳ ಯಕ್ಷಗಾನ ಬಯಲಾಟ ಬೆಳಗಿನ ಜಾವದವರೆಗೂ ನಡೆಯಿತು. ನಿವೃತ್ತ ಅಧ್ಯಾಪಕರ ಗೌರವಾರ್ಪಣೆ, ಮಕ್ಕಳ ಕ್ರೀಡಾಕೂಟ, ಹಳೆಯ ಛಾಯಾಚಿತ್ರಗಳ ಪ್ರದರ್ಶನ ಎಲ್ಲವೂ ಊರವರ ಸಹಕಾರದಿಂದ ಸಾಂಗವಾಗಿ ನೆರವೇರಿದವು. ಇಂದಿನ ಕಾರ್ಯಕ್ರಮ ಅವುಗಳ ಮುಂದೆ ಚಿಕ್ಕದು. ಇಲ್ಲಿ ಬ್ಯಾಂಡಿಲ್ಲ, ಬಣ್ಣವಿಲ್ಲ. ನಮ್ಮ ಆಹ್ವಾನವನ್ನು ಮನ್ನಿಸಿ ಬಂದಿರುವ ಲೇಖಕರು ಉಪನ್ಯಾಸವನ್ನೂ ಮಾಡುವುದಿಲ್ಲ. ತಾವು ಈಚೆಗೆ ಬರೆದ ಪುಸ್ತಕದ ಸುದ್ದಿಯನ್ನು, ಅದನ್ನು ಬರೆಯುವಾಗ ತಮ್ಮ ಮನಸ್ಸಿನಲ್ಲಿ ನಡೆದ ಹೊಯ್ದಾಟವನ್ನು, ಮುಂದೆ ಬರೆಯಬೇಕೆಂದು ಎಣಿಸಿರುವುದನ್ನು ಮನೆಯ ಜಗಲಿಯಲ್ಲಿ ಕುಳಿತು ಹೇಳುವಂತೆ ಹೇಳುತ್ತಾರೆ. ಮಕ್ಕಳು ಕೇಳುತ್ತಾರೆ, ತಮಗೆ ತೋರಿದ ಪ್ರಶ್ನೆಗಳನ್ನು ಮುಂದಿಡುತ್ತಾರೆ. ಇಷ್ಟೇ ಇಂದಿನ ಕಾರ್ಯಕ್ರಮ.

ನೂರು ವರ್ಷದ ಹಬ್ಬದಲ್ಲಿ ಒಂದು ಇಡೀ ದಿನವನ್ನು ಇದಕ್ಕೇಕೆ ಮೀಸಲಿಡಬೇಕೆಂದು ಸಮಿತಿಯ ಸಭೆಯಲ್ಲಿ ಪ್ರಶ್ನೆ ಬಂದಿತ್ತು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಹೇಳುವುದೇ ನಮ್ಮ ಈ ಪ್ರಾಸ್ತಾವಿಕದ ಉದ್ದೇಶ.

ಬರೆದವನು ತನ್ನ ಪುಸ್ತಕದ ಸುದ್ದಿಯನ್ನು ಓದುವವನಿಗೆ ತಿಳಿಸುವುದು ಕನ್ನಡದಲ್ಲಿ ಇಂದು ನಿನ್ನೆಯ ವಾಡಿಕೆಯಲ್ಲ. ಹತ್ತನೆಯ ಶತಮಾನದ ಪಂಪನು ತನ್ನ ಕಾವ್ಯಗಳಲ್ಲಿ ಅರ್ಜುನನ ಕಥೆಯನ್ನೂ ಆದಿದೇವನ ಕಥೆಯನ್ನೂ ಹೇಳಿ ಸುಮ್ಮನಾಗಲಿಲ್ಲ. ತನ್ನ ವಂಶದ ಹಿರಿಯರು ಯಾರು, ತಂದೆ ಯಾವ ಧರ್ಮವನ್ನು ಸ್ವೀಕರಿಸಿದನು, ತನಗೆ ಆಶ್ರಯವಿತ್ತ ಅರಸನು ಯಾರು ಎಂಬುದನ್ನೆಲ್ಲ ಹೇಳಿಕೊಂಡನು. ಒಂದು ಕಾವ್ಯವನ್ನು ಮೂರು ತಿಂಗಳಿನಲ್ಲಿ, ಇನ್ನೊಂದನ್ನು ಆರು ತಿಂಗಳಿನಲ್ಲಿ ಮುಗಿಸಿದೆನೆಂಬ ಲೆಕ್ಕವನ್ನೂ ಬರೆದಿಟ್ಟನು. ಆದಿಪುರಾಣದ ಕಾಲ 941ನೆಯ ಇಸವಿ. ಸಾವಿರ ವರ್ಷಗಳ ಮೇಲೆ ಕುಳಿತು ಓದುವ ನಮಗೆ ಆ ಮೂರು ತಿಂಗಳು, ಆರು ತಿಂಗಳುಗಳ ಲೆಕ್ಕವನ್ನು ಕಂಡಾಗ ಕವಿ ಹತ್ತಿರದವನಾಗುತ್ತಾನೆ. ಮುಗಿಸಿದ ಕೆಲಸವನ್ನು ಮನೆಯವರ ಮುಂದೆ ಹೇಳಿಕೊಂಡು ಹಿಗ್ಗುವ ಮನುಷ್ಯ ಅಲ್ಲಿ ಕಾಣಿಸುತ್ತಾನೆ.

ನಮ್ಮ ಕರಾವಳಿಯ ಮುದ್ದಣನ ಕಥೆ ಇದಕ್ಕೆ ತಿರುವುಮುರುವು. ನಂದಳಿಕೆಯ ಲಕ್ಷ್ಮೀನಾರಣಪ್ಪನವರು 1870ರಲ್ಲಿ ಹುಟ್ಟಿ 1901ರಲ್ಲಿ, ಇನ್ನೂ 31ರ ಪ್ರಾಯದಲ್ಲಿ, ಕ್ಷಯರೋಗದಿಂದ ತೀರಿಕೊಂಡವರು. ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದವರು. ತಾವು ಬರೆದ ಕೃತಿಗಳನ್ನು ಯಾರೋ ಹಳಗಾಲದ ಕವಿಯ ಗ್ರಂಥವೆಂಬಂತೆ ಮೈಸೂರಿಗೆ ಅಚ್ಚಿಗೆ ಕಳುಹಿಸಿದರು. ಬಡ ಶಾಲಾ ಶಿಕ್ಷಕನ ಹೊಸ ಕಾವ್ಯವೆಂದರೆ ಯಾರು ಕೈಗೆತ್ತಿಕೊಳ್ಳುತ್ತಾರೆಂಬ ಸಂಕೋಚ ಇದ್ದಿರಬೇಕು. ತನ್ನ ಪುಸ್ತಕದ ಸುದ್ದಿಯನ್ನು ತಾನೇ ಹೇಳಿಕೊಳ್ಳಲಾರದ ಆ ಲೇಖಕನು ಶ್ರೀರಾಮಾಶ್ವಮೇಧದ ಒಳಗೆ ಒಬ್ಬ ಓದುಗಳನ್ನು ಸೃಷ್ಟಿಸಿಕೊಂಡನು. ಆಕೆಯೇ ಮನೋರಮೆ. ಮಳೆಗಾಲದ ಒಂದು ಹೊತ್ತು ಕಥೆ ಹೇಳೆಂದು ಗಂಡನನ್ನು ಪೀಡಿಸುವವಳು, ಅರ್ಥವಾಗದ ಸಂಸ್ಕೃತದ ಮಾತು ಬಂದಲ್ಲಿ ತಡೆದು ನಿಲ್ಲಿಸುವವಳು, ಹಿಡಿಸಿದಲ್ಲಿ ಹಿಗ್ಗುವವಳು, ಹಿಡಿಸದಲ್ಲಿ ಗೇಲಿ ಮಾಡುವವಳು. ಹೊರಗೆ ದೊರಕದಿದ್ದ ಮಾರುತ್ತರವನ್ನು ಮುದ್ದಣನು ಪುಸ್ತಕದೊಳಗೇ ಬರೆದುಕೊಂಡನೆಂದು ನಮಗೆ ಆ ಭಾಗವನ್ನು ತರಗತಿಯಲ್ಲಿ ಪಾಠ ಮಾಡುವಾಗಲೆಲ್ಲ ಅನ್ನಿಸುತ್ತದೆ. ಮಕ್ಕಳು ಮನೋರಮೆಯ ಮಾತಿಗೆ ನಗುತ್ತಾರೆ. ನಗಬೇಕಾದುದೇ. ಆದರೆ ಬರೆಯುವವನಿಗೆ ಮನೋರಮೆ ಎಷ್ಟು ಅಗತ್ಯವೆಂಬುದನ್ನೂ ಅವರು ತಿಳಿಯಬೇಕು.

ಅಚ್ಚಿನ ಕಾಲ ಬಂದ ಮೇಲೆ ಲೇಖಕರು ಓದುಗರನ್ನು ಹುಡುಕಿಕೊಂಡು ಹೊರಟರು. ಶಾಲಾ ಮಾಸ್ತರರಾಗಿದ್ದ ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಲೆಯ ಮೇಲೆ ಹೊತ್ತು ಊರಿಂದೂರಿಗೆ ನಡೆದು ಮಾರಿದರೆಂಬುದನ್ನು ಕನ್ನಡ ನಾಡು ಇಂದಿಗೂ ನೆನೆಯುತ್ತದೆ. ಮಾಸ್ತಿಯವರು 1944ರಿಂದ 1965ರವರೆಗೆ ‘ಜೀವನ’ ಪತ್ರಿಕೆಯನ್ನು ನಡೆಸಿ ಅದರ ಮೂಲಕ ಓದುಗರೊಡನೆ ಮಾತನಾಡುತ್ತಲೇ ಇದ್ದರು. ನಮಗೆ ಹತ್ತಿರದ ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರು ತಮ್ಮ ಕಾದಂಬರಿಗಳಿಗೆ ಬರೆದ ಮುನ್ನುಡಿಗಳಲ್ಲಿ, ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂಬ ಆತ್ಮಕಥೆಯಲ್ಲಿ ತಮ್ಮ ಬದುಕು ಬರಹಗಳೆರಡನ್ನೂ ಮುಚ್ಚುಮರೆಯಿಲ್ಲದೆ ಬಿಚ್ಚಿಟ್ಟರು. ಗುರುತು ಪರಿಚಯವಿಲ್ಲದ ಓದುಗರ ಕಾಗದಗಳಿಗೂ ಅವರು ಕೈಯಾರೆ ಉತ್ತರ ಬರೆಯುತ್ತಿದ್ದರು. ನಾವಿರುವ ಕೇರಳದಲ್ಲಿಯೂ ಇದೇ ಬಗೆಯ ಕಥೆಗಳಿವೆ. ವೈಕಂ ಮುಹಮ್ಮದ್ ಬಶೀರರು ತಮ್ಮ ಪುಸ್ತಕಗಳನ್ನು ತಾವೇ ಕೊಂಡೊಯ್ದು ಮಾರಿದರು, ಎರ್ನಾಕುಳಂನಲ್ಲಿ ಪುಸ್ತಕದಂಗಡಿಯನ್ನೂ ಇಟ್ಟರು. 1945ರಲ್ಲಿ ಕೋಟ್ಟಯಂನಲ್ಲಿ ಬರಹಗಾರರೇ ಕೂಡಿ ಸಹಕಾರ ಸಂಘವೊಂದನ್ನು ಕಟ್ಟಿ ಪುಸ್ತಕ ಪ್ರಕಟಣೆಗೆ ಇಳಿದರು. ಅದರ ಮುಂಚೂಣಿಯಲ್ಲಿದ್ದ ಕಾರೂರ್ ನೀಲಕಂಠ ಪಿಳ್ಳೆಯವರೂ ಶಾಲಾ ಅಧ್ಯಾಪಕರೇ.

ಇಷ್ಟು ಹೇಳಿದ ಮೇಲೆ ನಮ್ಮ ಮಣ್ಣಿಗೆ ಬರೋಣ. ಕಾಸರಗೋಡು ಸಪ್ತಭಾಷಾ ಸಂಗಮಭೂಮಿ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನಮ್ಮ ಶಾಲೆಯ ಹಾಜರಿ ಪುಸ್ತಕವನ್ನು ತೆರೆದು ಒಬ್ಬೊಬ್ಬ ಮಗುವಿನ ಮನೆಮಾತನ್ನು ಕೇಳುತ್ತ ಹೋದರೆ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಹವ್ಯಕ ಕನ್ನಡ ಎಂಬ ಉತ್ತರಗಳು ಬರುತ್ತವೆ. ಪಠ್ಯಪುಸ್ತಕದಲ್ಲಿರುವ ಕನ್ನಡವನ್ನೇ ಮನೆಯಲ್ಲಿ ಆಡುವ ಮಕ್ಕಳು ಬಹಳ ಕಡಿಮೆ. ನಮ್ಮ ಜಿಲ್ಲೆಯ ದೊಡ್ಡ ಲೇಖಕರ ವಿಷಯದಲ್ಲೂ ಹೀಗೆಯೇ ಇತ್ತು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಸಾರಾ ಅಬೂಬಕ್ಕರ್ ಅವರದು ಮಲಯಾಳ. ಮೂವರೂ ಅಕ್ಷರದ ಮೂಲಕ ಕನ್ನಡಕ್ಕೆ ಬಂದವರು, ಬಂದು ಅದನ್ನು ತಮ್ಮದಾಗಿಸಿಕೊಂಡವರು. ಆದ್ದರಿಂದ ಈ ನೆಲದಲ್ಲಿ ಕನ್ನಡದ ಬರಹಗಾರ ಹುಟ್ಟುವ ತಾಣವೂ ಕನ್ನಡದ ಓದುಗ ಹುಟ್ಟುವ ತಾಣವೂ ಶಾಲೆಯೇ. ಶಾಲೆ ಸೊರಗಿದರೆ ಎರಡೂ ಸೊರಗುತ್ತವೆ.

ಗೋವಿಂದ ಪೈಗಳು 1883ರಲ್ಲಿ ಹುಟ್ಟಿದವರು. 1911ರಷ್ಟು ಹಿಂದೆಯೇ ಆದಿಪ್ರಾಸದ ಕಟ್ಟನ್ನು ಬಿಟ್ಟು ಕವಿತೆ ಬರೆಯಲು ಹೊರಟವರು. ಗಿಳಿವಿಂಡು, ಗೊಲ್ಗೊಥಾ, ವೈಶಾಖಿಗಳನ್ನು ಕೊಟ್ಟವರು. 1949ರಲ್ಲಿ ಅಂದಿನ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. ಬಹುಭಾಷೆಗಳನ್ನು ಬಲ್ಲ ಆ ವಿದ್ವಾಂಸರು ಮಂಜೇಶ್ವರವನ್ನು ಬಿಟ್ಟು ದೊಡ್ಡ ಪಟ್ಟಣವನ್ನು ಸೇರಿದವರಲ್ಲ. ಅವರಿದ್ದಲ್ಲಿಗೇ ಜನ ಬಂದರು. ಹಾಗೆ ಅವರ ಪ್ರಭಾವಕ್ಕೆ ಒಳಗಾದವರಲ್ಲಿ ಕಯ್ಯಾರರೂ ಒಬ್ಬರು. ಮುಂದೆ ಅವರು ಪೈಗಳ ಜೀವನಚರಿತ್ರೆಯನ್ನೇ ಬರೆದರು. ಓದುಗನೊಬ್ಬನು ಲೇಖಕನಿಗೆ ಕೊಡಬಹುದಾದ ಮಾರುತ್ತರಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದಿದೆ?

ಕಯ್ಯಾರರು ನಮ್ಮವರೇ ಆದ ಅಧ್ಯಾಪಕರು. ಪೆರಡಾಲದ ಶಾಲೆಯಲ್ಲಿ ಪಾಠ ಹೇಳಿದರು, ತೋಟದಲ್ಲಿ ದುಡಿದರು, ಮಕ್ಕಳಿಗಾಗಿ ಪಾಠಪುಸ್ತಕಗಳನ್ನು ಬರೆದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ತಮ್ಮ ನೋವನ್ನು ಕವಿತೆಯಲ್ಲೂ ಹೋರಾಟದಲ್ಲೂ ತೋಡಿಕೊಂಡರು. 1969ರಲ್ಲಿ ಉತ್ತಮ ಅಧ್ಯಾಪಕರಿಗೆ ಕೊಡುವ ರಾಷ್ಟ್ರಪ್ರಶಸ್ತಿ ಅವರಿಗೆ ಬಂದಿತು, 1997ರಲ್ಲಿ ಮಂಗಳೂರಿನ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಬಂದಿತು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ದುಡಿತವೇ ನನ್ನ ದೇವರು’. ಬದಿಯಡ್ಕದ ‘ಕವಿತಾ ಕುಟೀರ’ದ ಬಾಗಿಲು ಓದುಗರಿಗೆ ಸದಾ ತೆರೆದಿತ್ತು. ನಮ್ಮ ಶಾಲೆಯ ಹಿಂದಿನ ಎಷ್ಟೋ ತಂಡಗಳ ಮಕ್ಕಳು ಅಲ್ಲಿಗೆ ಹೋಗಿ, ಅವರ ಜಗಲಿಯಲ್ಲಿ ಕುಳಿತು ಬಂದಿದ್ದಾರೆ. ಈ ಸಭೆಯಲ್ಲಿಯೂ ಅಂಥವರಿದ್ದಾರೆ. ನೂರು ವರ್ಷ ತುಂಬಿದ ಎರಡು ತಿಂಗಳಿಗೆ, 2015ರ ಆಗಸ್ಟ್‌ನಲ್ಲಿ, ಅವರು ನಮ್ಮನ್ನಗಲಿದರು.

ಸಾರಾ ಅಬೂಬಕ್ಕರ್ ಅವರ ಬದುಕನ್ನು ನಮ್ಮ ಹೆಣ್ಣುಮಕ್ಕಳಿಗೆ ನಾವು ಮತ್ತೆ ಮತ್ತೆ ಹೇಳುತ್ತೇವೆ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ತಮ್ಮ ಸಮುದಾಯದ ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಕನ್ನಡ ಶಾಲೆಯಲ್ಲಿ ಓದಿದವರು ಅವರು. ಮುಂದೆ ಓದುವ ಆಸೆಯಿದ್ದರೂ ಬೇಗನೆ ಮದುವೆಯಾಯಿತು. ಬರೆಯಲು ಕುಳಿತಾಗ ಪ್ರಾಯ ನಲವತ್ತು ದಾಟಿತ್ತು. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ನಮ್ಮ ನದಿಯ ದಡದ ಒಬ್ಬ ಹೆಣ್ಣುಮಗಳ ಅಳಲು ಇಡೀ ಕನ್ನಡ ನಾಡಿಗೆ ಕೇಳಿಸಿತು. ವಿರೋಧಗಳೂ ಬಂದವು. ಅವರು ಹಿಂಜರಿಯದೆ ಬರೆದರು, ತಮ್ಮ ಪುಸ್ತಕಗಳನ್ನು ಹೊರತರಲು ತಮ್ಮದೇ ಆದ ಚಂದ್ರಗಿರಿ ಪ್ರಕಾಶನವನ್ನು ಕಟ್ಟಿದರು, ‘ಹೊತ್ತು ಕಂತುವ ಮುನ್ನ’ ಎಂಬ ಆತ್ಮಕಥೆಯಲ್ಲಿ ತಮ್ಮ ದಾರಿಯನ್ನು ಓದುಗರಿಗೆ ಹೇಳಿದರು. 2023ರ ಜನವರಿ 10ರಂದು ಅವರು ಮಂಗಳೂರಿನಲ್ಲಿ ತೀರಿಕೊಂಡರು. ಅದೇ ತಿಂಗಳ 30ರಂದು ನಮ್ಮ ಕಾರಡ್ಕದಲ್ಲಿ ಹುಟ್ಟಿದ ಕವಿ, ಚಿಂತಕ ಕೆ. ವಿ. ತಿರುಮಲೇಶರು ಹೈದರಾಬಾದಿನಲ್ಲಿ ತೀರಿಕೊಂಡರು. ಒಂದೇ ತಿಂಗಳಿನಲ್ಲಿ ನಮ್ಮ ಜಿಲ್ಲೆಯ ಇಬ್ಬರು ಹಿರಿಯ ಲೇಖಕರು ಹೋದರು. ಶಾಲೆಯಲ್ಲಿ ಎರಡು ಬಾರಿ ಮೌನ ಪ್ರಾರ್ಥನೆ ಮಾಡಿಸಿದೆವು. ಆ ಬಳಿಕ ಎಂಟನೇ ತರಗತಿಯ ಹುಡುಗಿಯೊಬ್ಬಳು ಬಂದು, “ಟೀಚರ್, ಅವರು ಇದ್ದಾಗ ನಾವು ಅವರಿಗೆ ಕಾಗದ ಬರೆದಿದ್ದೆವಾ?” ಎಂದು ಕೇಳಿದಳು.

ನಮ್ಮ ಬಳಿ ಉತ್ತರವಿರಲಿಲ್ಲ. ಬರೆದಿರಲಿಲ್ಲ. ಅವರ ಹೆಸರನ್ನು ರಸಪ್ರಶ್ನೆಯಲ್ಲಿ ಕೇಳಿದ್ದೆವು, ಅವರ ಕೃತಿಗಳ ಪಟ್ಟಿಯನ್ನು ಗೋಡೆಪತ್ರಿಕೆಯಲ್ಲಿ ಹಾಕಿದ್ದೆವು. ಅವರಿಗೆ ಒಂದು ಸಾಲು ಬರೆದಿರಲಿಲ್ಲ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಈ ಸಭೆಯ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಶತಮಾನೋತ್ಸವದ ಪ್ರದರ್ಶನಕ್ಕಾಗಿ ಅಧ್ಯಾಪಕರ ಕೊಠಡಿಯ ಹಳೆಯ ಕಪಾಟನ್ನು ಖಾಲಿ ಮಾಡುತ್ತಿದ್ದಾಗ ತೆಳುವಾದ ಒಂದು ಕವನ ಸಂಕಲನ ಸಿಕ್ಕಿತು. ಗೆದ್ದಲು ಮುಟ್ಟಿರಲಿಲ್ಲ, ಕೈಗಳೂ ಮುಟ್ಟಿರಲಿಲ್ಲ. ಪುಟಗಳು ಅಚ್ಚುಕೂಟದಿಂದ ಬಂದಂತೆಯೇ ಒಂದಕ್ಕೊಂದು ಅಂಟಿಕೊಂಡಿದ್ದವು. ಒಳಗೆ 15 ಪೈಸೆಯ ಒಂದು ಅಂಚೆ ಕಾರ್ಡು. ಕಾರ್ಡಿನ ಮೇಲೆ ಲೇಖಕರು ತಮ್ಮ ವಿಳಾಸವನ್ನು ತಾವೇ ಗುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಇನ್ನೊಂದು ಬದಿ ಖಾಲಿ.

ನೋಡಿದೊಡನೆ ನೆನಪಾಯಿತು. ನಾವು ಈ ಶಾಲೆಗೆ ಸೇರಿದ ಹೊಸತು. ಜೂನ್ ತಿಂಗಳ ಮಳೆಯಲ್ಲಿ, ಕೊಡೆಯಿದ್ದರೂ ಅರ್ಧ ನೆನೆದು, ಬಟ್ಟೆಯ ಚೀಲವನ್ನು ಎದೆಗವಚಿಕೊಂಡು ನೆರೆಯ ಊರಿನ ಹಿರಿಯರೊಬ್ಬರು ಬಂದಿದ್ದರು. ತಮ್ಮ ಖರ್ಚಿನಲ್ಲಿಯೇ ಅಚ್ಚು ಹಾಕಿಸಿದ ಪುಸ್ತಕದ ಒಂದು ಪ್ರತಿಯನ್ನು ಶಾಲೆಗೆ ಕೊಟ್ಟರು. ದುಡ್ಡು ಬೇಡವೆಂದರು. “ಓದಿ ಎರಡು ಸಾಲು ಬರೆದು ಹಾಕಿದರೆ ಸಾಕು. ಚೆನ್ನಾಗಿಲ್ಲವೆಂದು ಬರೆದರೂ ಆದೀತು” ಎಂದರು. ಚಹಾ ಕುಡಿಯುತ್ತ, ಆ ಕವನಗಳನ್ನು ಹೇಗೆ ಬರೆದೆ, ಮುಂದೆ ಏನು ಬರೆಯಬೇಕೆಂದಿದ್ದೇನೆ ಎಂದು ಹೇಳತೊಡಗಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾವೆಲ್ಲರೂ ಸೀಮೆಸುಣ್ಣ ಹಿಡಿದು ಎದ್ದೆವು. ಪುಸ್ತಕವನ್ನು ಬಿಡುವಾದಾಗ ಓದೋಣವೆಂದು ಕಪಾಟಿನಲ್ಲಿಟ್ಟೆವು. ಆ ಬಿಡುವು ಬರಲು ಇಷ್ಟು ವರ್ಷ ಹಿಡಿಯಿತು.

ಪುಸ್ತಕ ಸಿಕ್ಕಿದ ರಾತ್ರಿಯೇ ಓದಿದೆವು. ಎಲ್ಲ ಕವನಗಳೂ ಚೆನ್ನಾಗಿವೆಯೆಂದು ಹೇಳಿದರೆ ಸುಳ್ಳಾದೀತು. ಕೆಲವು ಸಾಧಾರಣ, ಕೆಲವು ಹಿರಿಯ ಕವಿಗಳ ನೆರಳಿನಲ್ಲಿ ಬರೆದವು. ಆದರೆ ಕಂಗಿನ ತೋಟಕ್ಕೆ ಕೊಳೆರೋಗ ಬಂದ ಒಂದು ವರ್ಷವನ್ನು ಕುರಿತ ಕವನವೊಂದಿದೆ. ಉದುರಿದ ಎಳೆಯ ಅಡಕೆಯನ್ನು ಮನೆಯ ಮಕ್ಕಳು ಆಟಕ್ಕೆಂದು ಹೆಕ್ಕುತ್ತಾರೆ, ತಂದೆ ಜಗಲಿಯಿಂದ ನೋಡುತ್ತಾನೆ, ಬೈಯುವುದಿಲ್ಲ. ನಮ್ಮೂರಿನ ಬದುಕನ್ನು ಅಷ್ಟು ನಿಜವಾಗಿ ಹೇಳಿದ ಕವನವನ್ನು ನಾವು ಬೇರೆ ಕಡೆ ಓದಿಲ್ಲ. ಅದನ್ನು ನಮ್ಮ ಮಕ್ಕಳಿಗೆ ಎಷ್ಟು ವರ್ಷಗಳಿಂದ ಹೇಳಿಕೊಡಬಹುದಾಗಿತ್ತು!

ಲೇಖಕರು ತೀರಿಕೊಂಡು ಬಹಳ ವರ್ಷಗಳಾಗಿವೆ. ಆ ಕಾರ್ಡಿನ ಖಾಲಿ ಬದಿಯಲ್ಲಿಯೇ ನಮಗನ್ನಿಸಿದುದನ್ನು ಬರೆದು, ಮರುವಾರ ಅವರ ಮನೆಗೆ ಹೋಗಿ ಅವರ ಮಗಳ ಕೈಯಲ್ಲಿಟ್ಟೆವು. ಆಕೆ ಓದಿ, ಒಳಗೆ ಹೋಗಿ, ತಗಡಿನ ಒಂದು ಡಬ್ಬಿಯನ್ನು ತಂದರು. ಆ ಪುಸ್ತಕಕ್ಕೆ ಬಂದ ಮಾರೋಲೆಗಳನ್ನು ತಂದೆ ಅದರಲ್ಲಿ ಜೋಪಾನವಾಗಿ ಇಟ್ಟಿದ್ದರು. ಎಣಿಸಿದರೆ ಹನ್ನೊಂದು. ಧಾರವಾಡದಿಂದ ಒಂದು, ಮುಂಬಯಿಯಿಂದ ಎರಡು, ಮೈಸೂರಿನಿಂದ, ಶಿವಮೊಗ್ಗದಿಂದ, ಹೀಗೆ. ನಮ್ಮ ಊರಿನ ಅಂಚೆ ಮುದ್ರೆಯಿದ್ದ ಕಾರ್ಡು ಅದರಲ್ಲಿ ಒಂದೂ ಇರಲಿಲ್ಲ. ಆಕೆ ನಮ್ಮ ಕಾರ್ಡನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಡಬ್ಬಿಯನ್ನು ಮುಚ್ಚಿದರು. “ಇಷ್ಟು ವರ್ಷದ ಮೇಲಾದರೂ ಓದಿದಿರಲ್ಲ ಟೀಚರ್” ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು.

ಸಮಿತಿಯ ಸಭೆಯ ಪ್ರಶ್ನೆಗೆ ನಮ್ಮ ಉತ್ತರ ಇದೇ. ಕಾಸರಗೋಡಿನ ಕನ್ನಡಕ್ಕೆ ಏನೇನು ಕೊರತೆಗಳಿವೆಯೆಂಬುದು ಎಲ್ಲರಿಗೂ ತಿಳಿದಿದೆ. ಕಡತಗಳು, ಅರ್ಜಿಗಳು, ಅಧ್ಯಾಪಕರ ನೇಮಕಾತಿ, ತಡವಾಗಿ ಬರುವ ಪಠ್ಯಪುಸ್ತಕ, ಇವುಗಳ ಬಗ್ಗೆ ನಾವು ವೇದಿಕೆ ವೇದಿಕೆಯಲ್ಲಿ ಮಾತನಾಡಿದ್ದೇವೆ, ಮುಂದೆಯೂ ಮಾತನಾಡಬೇಕಾಗಿದೆ. ಆದರೆ ನಮ್ಮ ಊರಿನ ಲೇಖಕನಿಗೆ ನಮ್ಮ ಊರಿನಿಂದ ಒಂದು ಕಾರ್ಡು ಹೋಗದಿದ್ದುದಕ್ಕೆ ಯಾವ ಸರಕಾರವೂ ಕಾರಣವಲ್ಲ. ಅದು ನಮ್ಮ ಕೈಯಲ್ಲಿದ್ದ ಕೆಲಸ. ಕನ್ನಡದಲ್ಲಿ ಪುಸ್ತಕವೊಂದರ ಸಾವಿರ ಪ್ರತಿ ಅಚ್ಚಾಗುವುದೇ ದೊಡ್ಡ ಮಾತು. ಗಡಿಯೂರಿನಲ್ಲಿ ಕುಳಿತು ಬರೆಯುವವನ ಓದುಗರು ಅದಕ್ಕಿಂತಲೂ ಕಡಿಮೆ. ಅಂಥವನು ತನ್ನ ಪುಸ್ತಕದ ಸುದ್ದಿಯನ್ನು ಹೇಳಿದಾಗ ಕೇಳಿಸಿಕೊಂಡವರು ಮರುಮಾತು ಆಡದಿದ್ದರೆ ಮುಂದಿನ ಪುಸ್ತಕವನ್ನು ಯಾರಿಗಾಗಿ ಬರೆದಾನು? ಇಂದು ಹೊಸ ಪುಸ್ತಕದ ಮುಖಪುಟ ನಮ್ಮ ಮೊಬೈಲಿಗೇ ಬಂದು ಬೀಳುತ್ತದೆ. ಹೆಬ್ಬೆರಳಿನ ಒಂದು ಚಿತ್ರವನ್ನು ಒತ್ತಿ ಮುಂದೆ ಸಾಗುತ್ತೇವೆ. ಸುದ್ದಿ ತಲುಪಿತೆಂಬುದಕ್ಕೆ ಅದು ರಶೀದಿ. ಓದಿದೆವೆಂಬುದಕ್ಕೆ ಗುರುತಲ್ಲ.

ಇದನ್ನು ಅರಿತ ಮೇಲೆ ನಾವು ಮಾಡಿದ ಒಂದು ಚಿಕ್ಕ ಕೆಲಸವನ್ನು ತಿಳಿಸುತ್ತೇವೆ. ಕೇರಳದ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ. ಎನ್. ಪಣಿಕ್ಕರ್ ಅವರ ನೆನಪಿಗೆ ಪ್ರತಿವರ್ಷ ಜೂನ್ 19ರಂದು ನಮ್ಮ ಶಾಲೆಗಳಲ್ಲಿ ವಾಚನಾ ದಿನವನ್ನೂ ಮುಂದುವರಿದು ವಾಚನಾ ಸಪ್ತಾಹವನ್ನೂ ಆಚರಿಸುತ್ತೇವೆ. ಭಾಷಣ, ಪೋಸ್ಟರ್ ರಚನೆ, ಪುಸ್ತಕ ಪ್ರದರ್ಶನ ಎಲ್ಲವೂ ನಡೆಯುತ್ತವೆ. ಕಳೆದ ಜೂನ್‌ನಲ್ಲಿ ಅದರೊಡನೆ ಇನ್ನೊಂದನ್ನು ಸೇರಿಸಿದೆವು. ಐದನೇ ತರಗತಿಯಿಂದ ಮೇಲಿನ ಪ್ರತಿಯೊಬ್ಬ ಮಗುವೂ ಇಂದು ಬದುಕಿ ಬರೆಯುತ್ತಿರುವ ಒಬ್ಬ ಲೇಖಕರ ಒಂದು ಪುಸ್ತಕವನ್ನು ಓದಿ ಅವರಿಗೆ ಒಂದು ಕಾಗದ ಬರೆಯಬೇಕು. ಪತ್ರಲೇಖನ ನಮ್ಮ ಪಾಠಗಳಲ್ಲಿ ಹಿಂದಿನಿಂದಲೂ ಇದೆ. ಆದರೆ ನಾವು ಬರೆಸುತ್ತಿದ್ದುದು ಜ್ವರಕ್ಕೆ ರಜೆ ಕೇಳುವ ಅರ್ಜಿಯನ್ನು, ಪ್ರವಾಸಕ್ಕೆ ಹಣ ಕಳುಹಿಸೆಂದು ತಂದೆಗೆ ಬರೆಯುವ ಪತ್ರವನ್ನು. ಅಂಚೆಪೆಟ್ಟಿಗೆಗೆ ಹಾಕುವ ಕಾಗದವನ್ನು ಬರೆಸಿರಲಿಲ್ಲ. ಈ ಬಾರಿ ನಿಜವಾದ ವಿಳಾಸ, ನಿಜವಾದ ಅಂಚೆಚೀಟಿ. ತಿದ್ದಿ ಕೊಡುವಾಗ ಕಾಗುಣಿತವನ್ನು ಮಾತ್ರ ತಿದ್ದಬೇಕು, ಅಭಿಪ್ರಾಯವನ್ನು ತಿದ್ದಬಾರದೆಂದು ಅಧ್ಯಾಪಕರೊಳಗೆ ಮಾತಾಯಿತು. ಈ ನಿಯಮವನ್ನು ಪಾಲಿಸುವುದು ನಮಗೆ ಸುಲಭವಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ಎಲ್ಲ ಕಾಗದಗಳಿಗೂ ಉತ್ತರ ಬರಲಿಲ್ಲ. ಬಂದವುಗಳನ್ನು ಅಸೆಂಬ್ಲಿಯಲ್ಲಿ ಓದಿಸಿದೆವು. ಆರನೇ ತರಗತಿಯ ಹುಡುಗನೊಬ್ಬ, ಮನೆಯಲ್ಲಿ ಮಲಯಾಳ ಮಾತನಾಡುವವನು, ಮಕ್ಕಳ ಕಥೆಗಳ ಪುಸ್ತಕವೊಂದನ್ನು ಓದಿ ಹೀಗೆ ಬರೆದಿದ್ದ: “ನಿಮ್ಮ ಕಥೆಯಲ್ಲಿ ಅಜ್ಜಿ ಕಡವಿನಲ್ಲಿ ದೋಣಿ ಹತ್ತಿ ಆಚೆ ದಡಕ್ಕೆ ಹೋದರು. ಮತ್ತೆ ಅವರ ಸುದ್ದಿಯೇ ಇಲ್ಲ. ರಾತ್ರಿ ಅವರು ಎಲ್ಲಿ ಮಲಗಿದರು?” ಎರಡು ವಾರದೊಳಗೆ ಲೇಖಕರಿಂದ ಮೂರು ಪುಟದ ಉತ್ತರ ಬಂತು. ಅಜ್ಜಿಯನ್ನು ಆಚೆ ದಡದಲ್ಲಿ ಮರೆತು ಬಂದುದು ತಮಗೆ ಈತನಕ ಹೊಳೆದಿರಲಿಲ್ಲವೆಂದೂ, ಆ ಕಥೆಯನ್ನು ಬರೆಯುವ ದಿನಗಳಲ್ಲಿ ತಮ್ಮ ತಾಯಿ ಕಾಯಿಲೆಯಲ್ಲಿದ್ದು ಮನಸ್ಸು ಆಸ್ಪತ್ರೆಯಲ್ಲಿತ್ತೆಂದೂ, ಈಗ ಹೊಸ ಪುಸ್ತಕವೊಂದನ್ನು ಬರೆಯುತ್ತಿರುವೆನೆಂದೂ ಅವರು ತಿಳಿಸಿದ್ದರು. ಆ ಕಾಗದವನ್ನು ಓದುವಾಗ ಅಸೆಂಬ್ಲಿಯಲ್ಲಿ ಎಷ್ಟು ನಿಶ್ಶಬ್ದವಿತ್ತೆಂದರೆ ಅಡುಗೆಕೋಣೆಯಲ್ಲಿ ತೆಂಗಿನಕಾಯಿ ತುರಿಯುವ ಸದ್ದು ಕೇಳಿಸುತ್ತಿತ್ತು. ಪುಸ್ತಕವನ್ನು ಬರೆಯುವವರು ನಮ್ಮ ಹಾಗೆಯೇ ತಾಯಿಯ ಕಾಯಿಲೆಗೆ ಚಿಂತಿಸುವ ಮನುಷ್ಯರೆಂಬುದು ಅಂದು ನಮ್ಮ ಮಕ್ಕಳಿಗೆ ತಿಳಿಯಿತು. ಆ ವಾರ ಗ್ರಂಥಾಲಯದಿಂದ ಆ ಪುಸ್ತಕವನ್ನು ಕೊಂಡೊಯ್ಯಲು ಮಕ್ಕಳು ಸಾಲು ನಿಂತರು.

ಈಗ ನಿಮ್ಮೆಲ್ಲರಲ್ಲಿ ಕೆಲವು ಬಿನ್ನಹಗಳು. ಹೆತ್ತವರೇ, ಹಲವು ಒತ್ತಡಗಳ ನಡುವೆಯೂ ನೀವು ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿದ್ದೀರಿ. ಒಂದು ಕಾಲಕ್ಕೆ ಎರಡು ಡಿವಿಷನ್‌ಗಳಿದ್ದ ನಮ್ಮ ಒಂದನೇ ತರಗತಿಯಲ್ಲಿ ಇಂದು ಕೆಲವೇ ಬೆಂಚುಗಳು ತುಂಬುತ್ತವೆ. ಆ ಬೆಂಚುಗಳಲ್ಲಿ ಕುಳಿತ ಮಕ್ಕಳನ್ನು ಕೊಟ್ಟವರು ನೀವು. ನಿಮ್ಮ ಋಣ ದೊಡ್ಡದು. ಇನ್ನೊಂದನ್ನು ಕೇಳುತ್ತೇವೆ. ವರ್ಷಕ್ಕೆ ಒಂದಾದರೂ ಕನ್ನಡ ಪುಸ್ತಕವನ್ನು ದುಡ್ಡು ಕೊಟ್ಟು ಕೊಂಡು ಮನೆಗೆ ತನ್ನಿ. ಮಗು ಜೋರಾಗಿ ಓದಲಿ, ನೀವು ಕೇಳಿಸಿಕೊಳ್ಳಿ. ಕನ್ನಡ ಓದಲು ಬಾರದ ಅಜ್ಜಿಯೂ ಕೇಳಿಸಿಕೊಳ್ಳಲಿ, ತನ್ನ 'ತುಳುವಿನಲ್ಲೋ ಮಲಯಾಳದಲ್ಲೋ ಅಭಿಪ್ರಾಯ ಹೇಳಲಿ. ಮಗು ಅದನ್ನು ಕನ್ನಡದಲ್ಲಿ ಬರೆದು ಲೇಖಕರಿಗೆ ಕಳುಹಿಸಲಿ.

ಹಳೆ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ಇದ್ದೀರಿ. ಶಾಲೆಗೆ ಧನಸಹಾಯ ಮಾಡಿದ್ದೀರಿ, ಕೃತಜ್ಞರಾಗಿದ್ದೇವೆ. ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಕಳುಹಿಸುವಾಗ ಅದನ್ನು ನೀವು ಮೊದಲು ಓದಿ, ನಿಮಗೇನನ್ನಿಸಿತೆಂದು ಒಂದು ಹಾಳೆಯಲ್ಲಿ ಬರೆದು ಒಳಗಿಟ್ಟು ಕಳುಹಿಸಿ. ನಿಮ್ಮಲ್ಲಿ ಬರೆಯುವವರೂ ಇದ್ದೀರಿ. ನಿಮ್ಮ ಪುಸ್ತಕದ ಸುದ್ದಿ ನಮಗೆ ಇತರರ ಬಾಯಿಂದ ತಿಳಿಯುವಂತಾಗಬಾರದು.

ಅಧ್ಯಾಪಕ ಮಿತ್ರರೇ, ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತು ಒಂದಿದೆ. ಪಾಠಪುಸ್ತಕ, ಕೈಪಿಡಿಗಳಾಚೆಗೆ ನಾವು ಓದದೆ ಮಕ್ಕಳು ಓದಬೇಕೆಂದರೆ ನಡೆಯದು. ಗಂಟೆ ಹೊಡೆದಾಗ ತರಗತಿಗೆ ಹೋಗಲೇಬೇಕು. ಆದರೆ ಸಂಜೆಯ ಗಂಟೆಯ ಮೇಲಾದರೂ ಮಳೆಯಲ್ಲಿ ನೆನೆದು ಬಂದವರ ಪುಸ್ತಕವನ್ನು ತೆರೆಯಬೇಕು.

ಆ ಹಿರಿಯರ ಕವನ ಸಂಕಲನವನ್ನು ಅವರ ಮಗಳ ಅನುಮತಿಯಿಂದ ನಮ್ಮ ಗ್ರಂಥಾಲಯದಲ್ಲಿ ಇಟ್ಟಿದ್ದೇವೆ. ಅಡಕೆಯ ಆ ಕವನವನ್ನು ಈ ವರ್ಷ ಏಳನೇ ತರಗತಿಯ ಮಕ್ಕಳು ನಕಲು ಮಾಡಿಕೊಂಡು ಓದಿದ್ದಾರೆ. ಅವರಲ್ಲಿ ನಾಲ್ವರು ಲೇಖಕರಿಗೆ ಕಾಗದ ಬರೆಯಲು ಬಯಸಿದರು. ಲೇಖಕರು ಇಲ್ಲವೆಂದು ಹೇಳಿದೆವು. ಹಾಗಾದರೆ ಮಗಳಿಗೆ ಬರೆಯುತ್ತೇವೆಂದು ಬರೆದರು. ಹನ್ನೊಂದು ಕಾರ್ಡುಗಳಿದ್ದ ಡಬ್ಬಿಯಲ್ಲಿ ಈಗ ಹದಿನಾರು ಇವೆ. ಅವುಗಳಲ್ಲಿ ಐದು ನಮ್ಮ ಊರಿನವು.

ಇನ್ನು ನಾವು ಮಾತನಾಡಿ ನಿಮ್ಮ ಹೊತ್ತನ್ನು ಹಾಳು ಮಾಡುವುದಿಲ್ಲ. ಅಜ್ಜಿಯನ್ನು ಆಚೆ ದಡದಲ್ಲಿ ಬಿಟ್ಟು ಬಂದ ಆ ಲೇಖಕರು ಇಂದು ನಮ್ಮ ವೇದಿಕೆಯ ಮೇಲಿದ್ದಾರೆ. ಪ್ರಶ್ನೆ ಕೇಳಿದ ಹುಡುಗ ಮುಂದಿನ ಸಾಲಿನಲ್ಲಿ ಕುಳಿತಿದ್ದಾನೆ, ಬೆಳಗ್ಗಿನಿಂದ ಎರಡು ಬಾರಿ ನಮ್ಮ ಬಳಿಗೆ ಬಂದು ತನ್ನ ಸರದಿ ಯಾವಾಗ ಎಂದು ಕೇಳಿದ್ದಾನೆ. ಅಜ್ಜಿ ಆ ರಾತ್ರಿ ಎಲ್ಲಿ ಮಲಗಿದರೆಂಬುದನ್ನೂ ಹೊಸ ಪುಸ್ತಕ ಎಲ್ಲಿಯವರೆಗೆ ಬಂತೆಂಬುದನ್ನೂ ಲೇಖಕರು ತಾವೇ ತಿಳಿಸಬೇಕೆಂದು ಕೋರಿ, ಅವರನ್ನು ಮಾತಿಗೆ ಆಹ್ವಾನಿಸುತ್ತ, ನಮ್ಮ ಪ್ರಾಸ್ತಾವಿಕವನ್ನು ಮುಗಿಸುತ್ತೇವೆ.